ಕರ್ನಲ್ ಬ್ಲಿಂಪ್: ತೋರಿಸದೆ ಬಿಟ್ಟ ದ್ವಂದ್ವಯುದ್ಧ

ಧ್ವನಿತತ್ತ್ವವನ್ನು ಪಾಠ ಹೇಳುವಾಗ ನಾವು ಸಾಮಾನ್ಯವಾಗಿ ಕಾವ್ಯದ ಎಲ್ಲೆ ದಾಟುವುದಿಲ್ಲ. ಹೇಳದೆ ಉಳಿಸಿದ್ದರಿಂದಲೇ ಅರ್ಥ ಹೊಳೆಯಿಸುವ ಈ ಬಗೆ ಚಲನಚಿತ್ರದಲ್ಲಿ ಹೇಗಿರುತ್ತದೆ ಎಂದು ಕೇಳಿದವರಿಗೆ ನಾನು ಹೆಸರಿಸುವುದು ಮೈಕೆಲ್ ಪೊವೆಲ್ ಮತ್ತು ಎಮರಿಕ್ ಪ್ರೆಸ್‌ಬರ್ಗರ್ ಜೊತೆಗೂಡಿ ಬರೆದು ನಿರ್ದೇಶಿಸಿದ 1943ರ ‘ದಿ ಲೈಫ್ ಅಂಡ್ ಡೆತ್ ಆಫ್ ಕರ್ನಲ್ ಬ್ಲಿಂಪ್’ ಚಿತ್ರವನ್ನು.

ಬ್ಲಿಂಪ್ ಎಂಬವನು ವ್ಯಂಗ್ಯಚಿತ್ರಕಾರ ಡೇವಿಡ್ ಲೋ 1934ರಲ್ಲಿ ‘ಈವನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಗಾಗಿ ಸೃಷ್ಟಿಸಿದ ಪಾತ್ರ: ಬೊಜ್ಜುಮೈ, ಜೋಲುಮೀಸೆ, ಸೊಂಟಕ್ಕೊಂದು ಟವೆಲು, ಬಾಯಿ ತೆರೆದರೆ ಮೌಢ್ಯ. ಚಿತ್ರದ ನಾಯಕ ಕ್ಲೈವ್ ಕ್ಯಾಂಡಿಯೂ ಮೊದಲು ಹಾಗೆಯೇ, ಲಂಡನ್ನಿನ ಟರ್ಕಿಷ್ ಸ್ನಾನಗೃಹದಲ್ಲಿ ಕಾಣಿಸುತ್ತಾನೆ. ಅಣಕು ಯುದ್ಧವೊಂದು ಮಧ್ಯರಾತ್ರಿ ಆರಂಭವಾಗಬೇಕು; ಸ್ಪಡ್ ಎಂಬ ತರುಣ ಅಧಿಕಾರಿ ಗಂಟೆಗಳ ಮೊದಲೇ ನುಗ್ಗಿ ಅವನನ್ನು ಸೆರೆಹಿಡಿಯುತ್ತಾನೆ. ಶತ್ರು ಗಡಿಯಾರ ನೋಡಿಕೊಂಡು ಬರುವುದಿಲ್ಲವೆಂಬುದು ತರುಣನ ವಾದ. ಇಬ್ಬರೂ ಕೊಳಕ್ಕೆ ಬೀಳುತ್ತಾರೆ. ಕ್ಯಾಮೆರಾ ನೀರಿನುದ್ದಕ್ಕೂ ಸರಿಯುತ್ತದೆ. ಆಚೆ ತುದಿಯಲ್ಲಿ ಮೇಲೇಳುವವನು 1902ರ ಯುವಕ ಕ್ಯಾಂಡಿ.

ಬರ್ಲಿನ್ನಿನಲ್ಲಿ ಅವನು ಜರ್ಮನ್ ಸೇನೆಯನ್ನು ಅವಮಾನಿಸಿ, ತನಗೆ ಪರಿಚಯವೇ ಇಲ್ಲದ ಥಿಯೋ ಎಂಬ ಅಧಿಕಾರಿಯೊಡನೆ ಕತ್ತಿಯ ದ್ವಂದ್ವಕ್ಕೆ ನಿಲ್ಲಬೇಕಾಗುತ್ತದೆ. ದ್ವಂದ್ವದ ನಿಯಮಗಳ ಚರ್ಚೆ, ಸಿದ್ಧತೆ, ಸಾಕ್ಷಿಗಳ ಗಾಂಭೀರ್ಯ ಎಲ್ಲವನ್ನೂ ಚಿತ್ರ ಸಾವಧಾನವಾಗಿ ತೋರಿಸುತ್ತದೆ. ಕತ್ತಿಗಳು ತಾಕಿದವೋ ಇಲ್ಲವೋ, ಕ್ಯಾಮೆರಾ ಮೇಲೇರಿ ಚಾವಣಿಯನ್ನೇ ದಾಟಿ ಹೊರಗಿನ ಹಿಮದಲ್ಲಿ ನಿಲ್ಲುತ್ತದೆ! ಗೆದ್ದವರಾರು ಎಂಬುದು ಚಿತ್ರಕ್ಕೆ ಬೇಕಿಲ್ಲ. ಗಾಯಗೊಂಡ ಇಬ್ಬರೂ ಒಂದೇ ಶುಶ್ರೂಷಾಲಯದಲ್ಲಿ ಜೀವದ ಗೆಳೆಯರಾಗುತ್ತಾರೆ. ಕ್ಯಾಂಡಿ ಮೀಸೆ ಬೆಳೆಸುವುದು ಆ ಗಾಯದ ಗುರುತನ್ನು ಮುಚ್ಚುವುದಕ್ಕೆ.

ನಾನು ಈ ಮೀಸೆಯ ಬಳಿ ನಿಲ್ಲುತ್ತೇನೆ. ಲೋನ ಚಿತ್ರದಲ್ಲಿ ಅದು ನಗೆಯ ಸಾಧನ, ಸ್ಪಡ್‌ಗೂ ಅಷ್ಟೇ. ಚಿತ್ರ ಅದಕ್ಕೊಂದು ಚರಿತ್ರೆಯನ್ನು ಕೊಟ್ಟಿತು. ಐವತ್ತು ದಾಟಿದ ಅಧ್ಯಾಪಕರಿಗೆ ತರುಣರು ಹಳೆಯ ಪಠ್ಯವನ್ನೂ ಹಳೆಯ ಮೇಷ್ಟರನ್ನೂ ಒಂದೇ ನೋಟಕ್ಕೆ ಅಳೆದು ಪಕ್ಕಕ್ಕಿಡುವುದು ಹೊಸತಲ್ಲ. ಹಾಗಾಗಿ ಕ್ಯಾಂಡಿಯ ಕೋಪ ನನಗೆ ಅರ್ಥವಾಗುತ್ತದೆ. ಆದರೆ ಅವನ ಮಾತು ಸರಿಯೆಂದು ಒಪ್ಪಲಾರೆ. ಚಿತ್ರವೂ ಒಪ್ಪುವುದಿಲ್ಲ.

1918ರಲ್ಲಿ ಕ್ಯಾಂಡಿ ಜರ್ಮನ್ ಸೆರೆಯಾಳುಗಳನ್ನು ಸೌಜನ್ಯದಿಂದ ಪ್ರಶ್ನಿಸಿ, ಉತ್ತರ ದೊರೆಯದೆ ಹೊರಡುತ್ತಾನೆ. ಉಳಿದವನು ದಕ್ಷಿಣ ಆಫ್ರಿಕದ ಅಧಿಕಾರಿ. ತನ್ನ ವಿಧಾನ ಬೇರೆ ಎಂದು ಅವನು ಸೆರೆಯಾಳುಗಳಿಗೆ ತಿಳಿಸುವಲ್ಲಿಗೆ ದೃಶ್ಯ ಮುಗಿಯುತ್ತದೆ. ಧರ್ಮದ ಕಾದಾಟದಿಂದಲೇ ಗೆದ್ದೆವೆಂದು ಮುಂದೆ ಕ್ಯಾಂಡಿ ಹಿಗ್ಗುವಾಗ ಪ್ರೇಕ್ಷಕನಿಗೆ ತಿಳಿದಿರುವುದು ಅವನಿಗೆ ತಿಳಿದಿಲ್ಲ. ಹಿಂಸೆಯನ್ನು ತೋರಿಸಿದ್ದರೆ ಆ ಮಾತು ಬರಿಯ ಸುಳ್ಳಾಗುತ್ತಿತ್ತು. ತೋರಿಸದೆ ಬಿಟ್ಟದ್ದರಿಂದ ಕರುಣೆಯೂ ಉಳಿಯಿತು. ಧ್ವನಿಯೆಂದರೆ ಇದೇ ಅಲ್ಲವೆ?

ನಿಜವಾದ ಉತ್ತರವನ್ನು ಕೊಡುವವನು ಥಿಯೋ. 1939ರ ಹೊತ್ತಿಗೆ ಪತ್ನಿಯನ್ನು ಕಳೆದುಕೊಂಡು, ಮಕ್ಕಳನ್ನು ನಾತ್ಸಿಗಳಿಗೆ ಒಪ್ಪಿಸಿ, ಇಂಗ್ಲೆಂಡಿನಲ್ಲಿ ಆಶ್ರಯ ಬೇಡುವ ಮುದುಕ ಅವನು. ಅಧಿಕಾರಿಯ ಮುಂದೆ ತನ್ನ ಬಾಳನ್ನು ಹೇಳಿಕೊಳ್ಳುವಾಗ ಕ್ಯಾಮೆರಾ ಆ ಮುಖವನ್ನು ಬಿಟ್ಟು ಕದಲುವುದಿಲ್ಲ. ಪಾತ್ರಧಾರಿ ಆಂಟನ್ ವಾಲ್‌ಬ್ರೂಕ್ ಆಸ್ಟ್ರಿಯಾ ಮೂಲದವನು. ಬರೆದ ಪ್ರೆಸ್‌ಬರ್ಗರ್ ಹಂಗೇರಿಯ ಯಹೂದಿ. ಇಬ್ಬರೂ ನಾತ್ಸಿಗಳ ಕಾಲದಲ್ಲಿ ಇಂಗ್ಲೆಂಡಿಗೆ ಬಂದು ನೆಲೆಸಿದವರು. ಈ ಯುದ್ಧದಲ್ಲಿ ಸೋತರೆ ಮರುಪಂದ್ಯವಿಲ್ಲವೆಂದು ಥಿಯೋ ಗೆಳೆಯನಿಗೆ ಹೇಳುವ ಮಾತಿನ ಭಾರ ಹಾಗಾಗಿ ಬೇರೆ. ಯುದ್ಧದ ನಡುವೆ ಬ್ರಿಟಿಷ್ ಪ್ರೇಕ್ಷಕರಿಗೆ ಬುದ್ಧಿ ಹೇಳುವ ಹೊಣೆಯನ್ನು ಒಬ್ಬ ಜರ್ಮನ್ ಅಧಿಕಾರಿಗೆ ವಹಿಸಿದ್ದು ಸಣ್ಣ ಧೈರ್ಯವಲ್ಲ. 1942ರಲ್ಲಿ ಚರ್ಚಿಲ್ ಈ ಚಿತ್ರವನ್ನು ನಿಲ್ಲಿಸಬಯಸಿದರು. ನಾಯಕನಾಗಬೇಕಿದ್ದ ಲಾರೆನ್ಸ್ ಒಲಿವಿಯರ್ ಅವರನ್ನು ನೌಕಾಪಡೆಯ ಸೇವೆಯಿಂದ ಬಿಡಲಿಲ್ಲ. ಆ ಪಾತ್ರ ರೋಜರ್ ಲಿವ್ಸಿಗೆ ಬಂತು. ಒಲಿವಿಯರ್ ಅವರ ಕ್ಯಾಂಡಿ ಇಷ್ಟು ಬೆಚ್ಚಗಿರುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ.

ಮನೆಯ ಸುತ್ತ ಪ್ರವಾಹ ಬಂದು ಅದು ಕೆರೆಯಾಗುವವರೆಗೆ ಬದಲಾಗುವುದಿಲ್ಲವೆಂದು ಕ್ಯಾಂಡಿ ಹಿಂದೊಮ್ಮೆ ಮಡದಿಗೆ ಮಾತು ಕೊಟ್ಟಿದ್ದ. ಬಾಂಬಿಗೆ ಮನೆ ಉರುಳಿದ ಜಾಗದಲ್ಲಿ ಈಗ ನೀರಿನ ತೊಟ್ಟಿಯಿದೆ. ಅದರ ಮೇಲೊಂದು ಎಲೆ ತೇಲುತ್ತಿದೆ. ಬೀದಿಯಲ್ಲಿ ಹೊಸ ಸೈನಿಕರು ಸಾಗುತ್ತಾರೆ. ಮುದುಕ ನೆಟ್ಟಗೆ ನಿಂತು ಅವರಿಗೆ ಸಲ್ಯೂಟ್ ಮಾಡುತ್ತಾನೆ.