ಯಾರ ಪುಸ್ತಕದ ಖರ್ಚು?

ಮೂರು ತಿಂಗಳಿಗೊಮ್ಮೆ ನಮ್ಮ ಆಫೀಸಿನ ಎಲ್ಲರಿಗೂ ಒಂದು ಪತ್ರ ಬರುತ್ತದೆ. ನಾನು ಇರುವುದು ಅಟ್ಲಾಂಟಾದ ಪಕ್ಕದ ನಾರ್‌ಕ್ರಾಸ್‌ನಲ್ಲಿ, ಕೆಲಸ ಮಾಡುವುದು ಈ ಸೀಮೆಯ ಒಂದು ಆಸ್ಪತ್ರೆ ಸಮೂಹದ ಲೆಕ್ಕಪತ್ರ ವಿಭಾಗದಲ್ಲಿ. ಹಲವು ಆಸ್ಪತ್ರೆ, ಹತ್ತಾರು ಕ್ಲಿನಿಕ್, ಸಾವಿರಾರು ನೌಕರರು. ಎಲ್ಲರಿಗೂ ಒಂದೇ ಪತ್ರ. ಮೇಲೆ ಮುಖ್ಯಾಧಿಕಾರಿಗಳ ನಗುಮುಖದ ಫೋಟೊ. ಕೆಳಗೆ ಪ್ರಗತಿ ಮತ್ತು ಬದಲಾವಣೆಯ ವರದಿ. ಹೊಸ ಕಟ್ಟಡ ಎಷ್ಟು ಅಂತಸ್ತು ಎದ್ದಿತು, ಎಷ್ಟು ಮಂದಿ ನರ್ಸ್‌ಗಳು ಹೊಸದಾಗಿ ಸೇರಿದರು, ತುರ್ತು ಚಿಕಿತ್ಸೆಗೆ ಕಾಯುವ ಹೊತ್ತು ಎಷ್ಟು ನಿಮಿಷ ಇಳಿಯಿತು ಎಂಬ ವಿವರ. ಕೊನೆಯಲ್ಲಿ ನಮಗೆಲ್ಲ ಧನ್ಯವಾದ.

ಈ ಪತ್ರದಲ್ಲಿ ಸುಳ್ಳು ಇರುವುದಿಲ್ಲ. ಅದು ನನಗೆ ಗೊತ್ತು, ಏಕೆಂದರೆ ಅದರೊಳಗಿನ ಕೆಲವು ಅಂಕಿಗಳು ನನ್ನ ಮೇಜಿನಿಂದಲೇ ಹೋಗಿರುತ್ತವೆ. ಆದರೂ ನಾನು ಅದನ್ನು ಓದುವಾಗ ಮೊದಲು ಹುಡುಕುವುದು ಕ್ರಿಯಾಪದಗಳನ್ನು. ‘ಮುಚ್ಚಿದೆವು’ ಎಂಬುದು ಎಂದೂ ಸಿಗುವುದಿಲ್ಲ. ‘ಒಗ್ಗೂಡಿಸಿದೆವು’, ‘ಮರುಹೊಂದಿಸಿದೆವು’, ‘ಒಂದೇ ಸೂರಿನಡಿ ತಂದೆವು’ ಎಂದಿದ್ದರೆ ಎಲ್ಲೋ ಒಂದು ಬಾಗಿಲಿಗೆ ಬೀಗ ಬಿದ್ದಿದೆ ಎಂದು ತಿಳಿದುಕೊಳ್ಳುತ್ತೇನೆ.

ಬೀಗದ ವಿಷಯದಲ್ಲಿ ನಾನು ಬೇಗ ಕಿವಿ ನಿಮಿರಿಸುವುದಕ್ಕೆ ಕಾರಣವಿದೆ. ನಾನು ದಾವಣಗೆರೆಯವನು. ಬೆಣ್ಣೆದೋಸೆಯ ಊರಾಗುವ ಮೊದಲು ಅದು ಹತ್ತಿ ಗಿರಣಿಗಳ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಊರು. ನಾನು ಹುಡುಗನಾಗಿದ್ದಾಗ ಆ ಗಿರಣಿಗಳು ಒಂದರ ಹಿಂದೊಂದು ಮುಚ್ಚಿದವು. ಅಪ್ಪ ಒಂದು ಮಿಲ್ಲಿನ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಒಂದು ದಿನ ಬೆಳಿಗ್ಗೆ ಗೇಟಿಗೆ ನೋಟಿಸು ಅಂಟಿಸಿದ್ದರು. ಪ್ರಗತಿಯ ಮಾತಿಲ್ಲ, ಧನ್ಯವಾದವೂ ಇಲ್ಲ. ನಾಲ್ಕು ಸಾಲು, ಒಂದು ಸಹಿ, ಒಂದು ಸೀಲು. ಅಪ್ಪ ಊಟದ ಡಬ್ಬಿ ಹಿಡಿದುಕೊಂಡು ಹಾಗೇ ವಾಪಸು ಬಂದರು.

ಮಿಲ್ಲಿನ ಮಟ್ಟಿಗೆ ನಷ್ಟ ಅಲ್ಲಿಗೆ ನಿಂತಿತು. ಆದರೆ ನಮ್ಮ ಓಣಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಅದು ಆ ವಾರವೇ ಶುರುವಾಯಿತು. ಅಪ್ಪನ ಹೆಸರಿನ ಪುಟ ತುಂಬಿ ಎರಡನೆಯ ಪುಟಕ್ಕೆ ಹೋಯಿತು. ನಾನು ಅಕ್ಕಿ, ಎಣ್ಣೆ ತರಲು ಹೋದಾಗ ಅಂಗಡಿಯ ಯಜಮಾನರು ನನ್ನ ಮುಖ ನೋಡದೆ ಬರೆದುಕೊಳ್ಳುತ್ತಿದ್ದರು. ಮುಂದೆ ಬಿ.ಕಾಂ. ಓದಿ, ಆರ್ಟಿಕಲ್‌ಶಿಪ್ ಮುಗಿಸಿ, ಸಿ.ಎ. ಪಾಸಾದ ಮೇಲೂ ಲೆಕ್ಕಶಾಸ್ತ್ರದ ನನ್ನ ಮೊದಲ ಪಾಠ ಯಾವುದೆಂದು ಯಾರಾದರೂ ಕೇಳಿದರೆ ಆ ಉದ್ರಿ ಪುಸ್ತಕವೇ ನೆನಪಾಗುತ್ತದೆ. ಖರ್ಚು ಮಾಯವಾಗುವುದಿಲ್ಲ. ಒಬ್ಬರ ಪುಸ್ತಕದಿಂದ ಎದ್ದು ಇನ್ನೊಬ್ಬರ ಪುಸ್ತಕದಲ್ಲಿ ಕೂರುತ್ತದೆ.

ಇಲ್ಲಿಗೆ ಬಂದ ಮೇಲೆ ಆಸ್ಪತ್ರೆಗಳ ಲೋಕದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ನೋಡಿದೆ. ನಾರ್‌ಕ್ರಾಸ್ ಇರುವುದು ಗ್ವಿನೆಟ್ ಕೌಂಟಿಯಲ್ಲಿ. ನಮ್ಮ ಕೌಂಟಿಯ ಹೆಸರನ್ನೇ ಹೊತ್ತಿದ್ದ ಗ್ವಿನೆಟ್ ಮೆಡಿಕಲ್ ಸೆಂಟರ್, ನಾಲ್ಕು ವರ್ಷಗಳ ಮಾತುಕತೆಯ ನಂತರ 2019ರ ಆಗಸ್ಟ್‌ನಲ್ಲಿ ನಾರ್ತ್‌ಸೈಡ್ ಸಮೂಹದೊಡನೆ ವಿಲೀನವಾಯಿತು. ಲಾರೆನ್ಸ್‌ವಿಲ್ ಮತ್ತು ಡುಲೂತ್‌ನ ಬೋರ್ಡುಗಳು ಬದಲಾದವು. ನಮ್ಮ ಕನ್ನಡ ಕುಟುಂಬಗಳಲ್ಲಿ ಕೆಲವರು ಈಗಲೂ ಹಳೆಯ ಹೆಸರನ್ನೇ ಹೇಳುತ್ತಾರೆ, ಬೆಂಗಳೂರಿನವರು ಇನ್ನೂ ಮೆಜೆಸ್ಟಿಕ್ ಎನ್ನುವ ಹಾಗೆ.

ಬೋರ್ಡು ಬದಲಾಗುವುದು ಬೇರೆ, ಬಾಗಿಲು ಮುಚ್ಚುವುದು ಬೇರೆ. ಅಟ್ಲಾಂಟಾ ಮೆಡಿಕಲ್ ಸೆಂಟರ್ ಎಂಬ 460 ಹಾಸಿಗೆಗಳ ಆಸ್ಪತ್ರೆಯನ್ನು ಹಳಬರು ಜಾರ್ಜಿಯಾ ಬ್ಯಾಪ್ಟಿಸ್ಟ್ ಎಂದೇ ಕರೆಯುತ್ತಿದ್ದರು. ಗಂಭೀರ ಅಪಘಾತಗಳನ್ನು ನೋಡುವ ಉನ್ನತ ದರ್ಜೆಯ ಕೇಂದ್ರ ಅದು. ವೆಲ್‌ಸ್ಟಾರ್ ಸಮೂಹ ಅದನ್ನು 2016ರಲ್ಲಿ ಕೊಂಡಿತ್ತು. 2022ರ ಆಗಸ್ಟ್ 31ರಂದು, ಕಳೆದ ಹನ್ನೆರಡು ತಿಂಗಳಲ್ಲಿ 107 ಮಿಲಿಯನ್ ಡಾಲರ್ ನಷ್ಟವಾಗಿದೆ, ಇನ್ನು ನಡೆಸಲಾರೆವು ಎಂದು ಪ್ರಕಟಿಸಿತು. ನವೆಂಬರ್ 1ಕ್ಕೆ ಆಸ್ಪತ್ರೆ ಮುಚ್ಚಿತು. ಎರಡು ತಿಂಗಳು, ಅಷ್ಟೇ.

ಲೆಕ್ಕಿಗನಾಗಿ ಆ ನಷ್ಟದ ಅಂಕಿಯನ್ನು ನಾನು ಅಲ್ಲಗಳೆಯುವುದಿಲ್ಲ. ವಿಮೆಯಿಲ್ಲದವರು ಹೆಚ್ಚಾಗಿ ಬರುವ ಆಸ್ಪತ್ರೆಯನ್ನು ನಡೆಸುವುದು ಎಷ್ಟು ಕಷ್ಟ ಎಂದು ಬಲ್ಲೆ. ಆದರೆ ಅಲ್ಲಿಗೆ ಹೋಗುತ್ತಿದ್ದ ರೋಗಿಗಳ ಕಾಯಿಲೆ ನವೆಂಬರ್ 1ಕ್ಕೆ ಮುಚ್ಚಲಿಲ್ಲವಲ್ಲ. ನಗರದಲ್ಲಿ ದೊಡ್ಡವರಿಗೆ ಆ ದರ್ಜೆಯ ಅಪಘಾತ ಚಿಕಿತ್ಸೆ ಕೊಡಬಲ್ಲದ್ದಾಗಿ ಉಳಿದದ್ದು ಗ್ರೇಡಿ ಆಸ್ಪತ್ರೆ ಒಂದೇ. 1892ರಲ್ಲಿ ಶುರುವಾದ, ಬಡವರ ಪಾಲಿಗೆ ನಮ್ಮ ವಿಕ್ಟೋರಿಯಾ ಆಸ್ಪತ್ರೆಯಂಥ ಗ್ರೇಡಿ. ಅದಕ್ಕೆ ಸುಮಾರು ಇನ್ನೂರು ಹಾಸಿಗೆ ಸೇರಿಸಲು ರಾಜ್ಯ ಸರ್ಕಾರ 130 ಮಿಲಿಯನ್ ಡಾಲರ್ ಕೊಡುವುದಾಗಿ ಹೇಳಬೇಕಾಯಿತು. ಒಂದು ಪುಸ್ತಕದ ಖರ್ಚು ಇನ್ನೊಂದರಲ್ಲಿ ಕೂತದ್ದು ಹೀಗೆ.

ಇಷ್ಟೆಲ್ಲ ಬಲ್ಲ ನಾನು ನನ್ನದೇ ಮೇಜಿನ ಮೇಲೆ ಏನು ಮಾಡಿದೆ ಎಂಬುದನ್ನೂ ಹೇಳಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಸಮೂಹದ ಹನ್ನೆರಡು ಸಣ್ಣ ಕ್ಲಿನಿಕ್‌ಗಳ ಆದಾಯ, ವೆಚ್ಚಗಳ ಪಟ್ಟಿ ಮಾಡಲು ನನಗೆ ಹೇಳಿದರು. ಬಾಡಿಗೆ, ಸಂಬಳ, ವಿಮೆಯಿಂದ ಬಂದದ್ದು, ಬಾರದೆ ಉಳಿದದ್ದು. ಎರಡು ವಾರ ಕೂತು ಮಾಡಿದೆ. ಪಟ್ಟಿಯ ತಳದಲ್ಲಿ ಬಂದದ್ದು ಹತ್ತು ಕೋಣೆಯೂ ಇಲ್ಲದ ಒಂದು ಹಳೆಯ ಕ್ಲಿನಿಕ್. ನಾನು ಯಾವ ಶಿಫಾರಸನ್ನೂ ಬರೆಯಲಿಲ್ಲ; ಆ ಸಾಲಿಗೆ ಕೆಂಪು ಬಣ್ಣ ಹಚ್ಚಿದೆ. ಮುಂದಿನ ಪತ್ರದಲ್ಲಿ ಆ ಕ್ಲಿನಿಕ್‌ನ ಸೇವೆಗಳನ್ನು ಹನ್ನೊಂದು ಮೈಲಿ ಆಚೆಯ ಹೊಸ ಕಟ್ಟಡದಲ್ಲಿ ‘ಒಂದೇ ಸೂರಿನಡಿ’ ತಂದಿರುವುದಾಗಿ ಇತ್ತು. ನನ್ನ ಕೆಲಸಕ್ಕೆ ಮ್ಯಾನೇಜರಿಂದ ಮೆಚ್ಚುಗೆಯ ಮಾತೂ ಬಂತು. ಲೆಕ್ಕ ತಪ್ಪಿರಲಿಲ್ಲ. ಉಳಿದ ದುಡ್ಡಿನಲ್ಲಿ ಬೇರೆ ಕಡೆ ನರ್ಸ್‌ಗಳನ್ನು ತೆಗೆದುಕೊಂಡರು ಎಂಬುದೂ ನಿಜ.

ನಮ್ಮ ಪರಿಚಯದವರಲ್ಲಿ ಒಬ್ಬ ಅಜ್ಜಿ ಇದ್ದಾರೆ, ಹರಿಹರದ ಕಡೆಯವರು. ಊರು ಹತ್ತಿರದ್ದಾದ್ದರಿಂದ ನನ್ನ ಮೇಲೆ ಸಲಿಗೆ ಜಾಸ್ತಿ. ಹೃದಯದ ಕವಾಟದ ಆಪರೇಷನ್ ಆದವರು. ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ನುಂಗಬೇಕು, ಪ್ರಮಾಣ ಸರಿಯಿದೆಯೇ ಎಂದು ಆಗಾಗ ಬೆರಳು ಚುಚ್ಚಿ ಪರೀಕ್ಷೆ ಮಾಡಿಸಬೇಕು. ಒಂದು ಶನಿವಾರ ಅವರ ಮಗ ಫೋನ್ ಮಾಡಿದ. ಮೂಗಿನಿಂದ ರಕ್ತ ನಿಲ್ಲದೆ ತುರ್ತು ವಿಭಾಗಕ್ಕೆ ಸೇರಿಸಿದ್ದ. ಎರಡು ರಾತ್ರಿ ಅಲ್ಲೇ ಇದ್ದರು. ಮನೆಗೆ ಬಂದ ಮೇಲೆ ಮಾತಾಡಿಸಲು ಹೋದೆ.

“ಪರೀಕ್ಷೆ ಮಾಡಿಸ್ತಿರಲಿಲ್ವಾ ಅಜ್ಜಿ?” ಎಂದೆ.

“ಮೊದ್ಲು ಹತ್ರ ಇತ್ತಪ, ನಡ್ಕಂಡೇ ಹೋಗ್ತಿದ್ದೆ. ಅದನ್ನ ತೆಗೆದುಬಿಟ್ರು. ಈಗ ದೂರ. ಪ್ರತಿ ಸಲ ಇವ್ನಿಗೆ ಅರ್ಧ ದಿನ ರಜಾ ಹಾಕು ಅಂತ ಹೆಂಗೆ ಹೇಳ್ಲಿ? ಎರಡು ಸಲ ಬಿಟ್ಟೆ, ಏನೂ ಆಗ್ಲಿಲ್ಲ. ಮೂರನೇ ಸಲ ಹಿಂಗಾತು.”

ಯಾವ ಕ್ಲಿನಿಕ್ ಎಂದು ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದೆ. ನಾನು ಕೆಂಪು ಹಚ್ಚಿದ ಸಾಲೇ.

ಇಲ್ಲಿನ ಹನ್ನೊಂದು ಮೈಲಿ ಎಂದರೆ ಊರಿನಲ್ಲಿರುವವರಿಗೆ ಅರ್ಥವಾಗಲಿಕ್ಕಿಲ್ಲ. ದಾವಣಗೆರೆಯಿಂದ ಹರಿಹರಕ್ಕೆ ಹೋದಷ್ಟೇ ದೂರ ತಾನೇ, ಒಂದು ಬಸ್ಸು ಹತ್ತಿದರಾಯಿತು ಎನ್ನಬಹುದು. ಆದರೆ ಅಟ್ಲಾಂಟಾದ ರೈಲು ನಮ್ಮ ಕೌಂಟಿಯ ಅಂಚಿನ ಡೋರಾವಿಲ್‌ಗೆ ಬಂದು ನಿಂತುಬಿಡುತ್ತದೆ. ಅದನ್ನು ಒಳಗೆ ಬಿಟ್ಟುಕೊಳ್ಳಬೇಕೇ ಎಂದು 1971, 1990 ಮತ್ತು 2019ರಲ್ಲಿ ಕೇಳಿದಾಗಲೂ ಗ್ವಿನೆಟ್‌ನ ಮತದಾರರು ಬೇಡವೆಂದರು. ಬಸ್ಸುಗಳಿವೆ, ಎಲ್ಲ ಕಡೆಗೂ ಇಲ್ಲ. ಕಾರು ಓಡಿಸಲು ಬಾರದ ಅಜ್ಜಿಗೆ ಹನ್ನೊಂದು ಮೈಲಿ ಎಂದರೆ ಮಗನ ಅರ್ಧ ದಿನದ ಸಂಬಳ. ನನ್ನ ಪಟ್ಟಿಯಲ್ಲಿ ಬಾಡಿಗೆಗೆ ಒಂದು ಅಂಕಣವಿತ್ತು, ವಿದ್ಯುತ್ತಿಗೆ ಒಂದಿತ್ತು, ಪ್ರಿಂಟರಿನ ಮಸಿಗೂ ಇತ್ತು. ಇದಕ್ಕೆ ಇರಲಿಲ್ಲ.

ಆಡಳಿತದವರ ಪತ್ರಗಳೆಲ್ಲ ಹೀಗೇ ಎಂದು ಹೇಳಿದರೆ ಅನ್ಯಾಯವಾದೀತು. 2024ರ ಸೆಪ್ಟೆಂಬರ್‌ನಲ್ಲಿ ಷಾರ್ಲಟ್‌ನಿಂದ ಬಂದ ಒಂದು ಸುದ್ದಿಯನ್ನು ನಾನು ಎರಡು ಸಲ ಓದಿದೆ. ಆಟ್ರಿಯಂ ಹೆಲ್ತ್ ಒಳಗೊಂಡ ಅಡ್ವೊಕೇಟ್ ಹೆಲ್ತ್ ಸಮೂಹ, ಬಿಲ್ ಕಟ್ಟಲಾಗದವರ ಮನೆಗಳ ಮೇಲೆ ಕೋರ್ಟಿನ ಮೂಲಕ ಹಾಕಿಸಿದ್ದ ಋಣಭಾರಗಳನ್ನು ರದ್ದುಮಾಡುವುದಾಗಿ ಹೇಳಿತ್ತು. ಸುಮಾರು 11,500 ಮನೆಗಳು; ಕೆಲವು ಋಣ ಇಪ್ಪತ್ತು ವರ್ಷ ಹಳೆಯವು. ಅಂಥ ಹಳೆಯ ಬಾಕಿಗೆ ಆಸ್ಪತ್ರೆಯ ಪುಸ್ತಕದಲ್ಲಿ ಉಳಿದಿರುವ ಬೆಲೆ ಬಹಳ ಕಡಿಮೆ. ಮನೆಯವರಿಗೆ ಮಾತ್ರ ಅದು ಮನೆಯೇ. ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಯಾರೋ ನೋಡಿರಬೇಕು ಎನಿಸಿತು.

ಹಾಗೆ ನೋಡಲು ನಮಗೂ ದಾರಿಯಿದೆ. ಇಲ್ಲಿನ ಬಹುಪಾಲು ದೊಡ್ಡ ಆಸ್ಪತ್ರೆಗಳು ಲಾಭರಹಿತ ಸಂಸ್ಥೆಗಳು. ಆದಾಯ ತೆರಿಗೆ ಕಟ್ಟುವುದಿಲ್ಲ. ಅದಕ್ಕೆ ಪ್ರತಿಯಾಗಿ ಪ್ರತಿ ವರ್ಷ ಫಾರ್ಮ್ 990 ಸಲ್ಲಿಸಬೇಕು. ಅದರ ‘ಶೆಡ್ಯೂಲ್ ಎಚ್’ ಭಾಗದಲ್ಲಿ ಬಡವರಿಗೆ ಎಷ್ಟು ಉಚಿತ ಚಿಕಿತ್ಸೆ ಕೊಟ್ಟೆವು ಎಂದು ತೋರಿಸಬೇಕು. ಮೂರು ವರ್ಷಕ್ಕೊಮ್ಮೆ ಸುತ್ತಲಿನ ಜನರ ಆರೋಗ್ಯದ ಅಗತ್ಯಗಳೇನೆಂದು ಸಮೀಕ್ಷೆ ಮಾಡಿ ಪ್ರಕಟಿಸಬೇಕು. ಬಿಲ್ ಕಟ್ಟಲಾಗದವರಿಗೆ ನೆರವಿನ ನಿಯಮಗಳನ್ನು ಬರೆದಿಟ್ಟಿರಬೇಕು, ಕೇಳಿದವರಿಗೆ ಕೊಡಬೇಕು. ಇವನ್ನೆಲ್ಲ ಯಾರು ಬೇಕಾದರೂ ಓದಬಹುದು. ಅಜ್ಜಿಯ ಮಗ ಬಿಲ್ ಹಿಡಿದುಕೊಂಡು ಬಂದಾಗ ನಾನು ಮಾಡಿದ ಮೊದಲ ಕೆಲಸ, ಆ ಆಸ್ಪತ್ರೆಯ ನೆರವಿನ ಅರ್ಜಿ ತರಿಸಿ ಇಬ್ಬರೂ ಕೂತು ತುಂಬಿದ್ದು. ಬಿಲ್ಲಿನ ಒಂದು ಭಾಗ ಮನ್ನಾ ಆಯಿತು.

ಎರಡನೆಯ ಕೆಲಸ ಆಫೀಸಿನಲ್ಲಿ. ಮುಂದಿನ ಸಲ ಅಂಥದೇ ಪಟ್ಟಿ ಮಾಡಲು ಹೇಳಿದಾಗ ಒಂದು ಅಂಕಣ ಹೆಚ್ಚಿಗೆ ಹಾಕಿದೆ: ಈ ಕ್ಲಿನಿಕ್ ಇಲ್ಲವಾದರೆ ರೋಗಿ ಎಷ್ಟು ದೂರ ಹೋಗಬೇಕು, ಬಸ್ಸು ಇದೆಯೇ. ಮ್ಯಾನೇಜರ್ ನೋಡಿ, “ಇದು ಯಾವ ಖಾತೆಗೆ ಬರುತ್ತದೆ?” ಎಂದು ಕೇಳಿದರು. ನಮ್ಮ ಯಾವ ಖಾತೆಗೂ ಬರುವುದಿಲ್ಲ, ಅದಕ್ಕೇ ಹಾಕಿದ್ದೇನೆ ಎಂದೆ. ಅವರು ತೆಗೆಯಲಿಲ್ಲ, ಕೊನೆಯ ಪುಟದ ಟಿಪ್ಪಣಿಗೆ ಇಳಿಸಿದರು. ಮೇಲಿನವರು ಕೊನೆಯ ಪುಟದವರೆಗೆ ಓದಿದರೋ ಇಲ್ಲವೋ ಕೇಳುವ ಧೈರ್ಯ ನನಗಾಗಲಿಲ್ಲ.

ಮೂರನೆಯದು ಎಲ್ಲಕ್ಕಿಂತ ಕಷ್ಟವಾಯಿತು. ಆ ಪಟ್ಟಿ ಮಾಡಿದವನು ನಾನೇ ಎಂದು ಅಜ್ಜಿಗೆ ಹೇಳಿದೆ. ಅವರು ಅವರೆಕಾಳು ಹಿಸುಕುತ್ತಿದ್ದರು. ಸ್ವಲ್ಪ ಹೊತ್ತು ಕೈ ನಿಲ್ಲಿಸಿದರು.

“ನೀನು ಮಾಡದಿದ್ರೆ ಇನ್ನೊಬ್ಬ ಮಾಡ್ತಿದ್ದ, ಬಿಡು” ಎಂದರು. ಆಮೇಲೆ, “ಬುಧವಾರ ಬಿಡುವೈತಾ?” ಎಂದು ಕೇಳಿದರು.

ಈಗ ತಿಂಗಳಿಗೊಂದು ಬುಧವಾರ ಅಜ್ಜಿಯನ್ನು ಹೊಸ ಕಟ್ಟಡಕ್ಕೆ ಕರೆದುಕೊಂಡು ಹೋಗುವ ಸರದಿ ನನ್ನದು. ಕಟ್ಟಡ ಚೆನ್ನಾಗಿದೆ, ಪತ್ರದಲ್ಲಿ ಬರೆದಿದ್ದ ಹಾಗೆಯೇ. ಗೋಡೆಯ ಮೇಲೆ ಮುಖ್ಯಾಧಿಕಾರಿಗಳ ಅದೇ ಫೋಟೊ ಇದೆ. ಬೆರಳು ಚುಚ್ಚಿ ಪರೀಕ್ಷಿಸಲು ಐದು ನಿಮಿಷ. ಹೋಗಿ ಬರುವುದಕ್ಕೆ ಅರ್ಧ ದಿನ. ಆಫೀಸಿನ ಹಾಜರಿಯಲ್ಲಿ ಆ ಅರ್ಧ ದಿನವನ್ನು ‘ಸ್ವಂತ ರಜೆ’ ಎಂದು ಬರೆಯುತ್ತೇನೆ.