ಮೀನಖಂಡದ ಮಹಿಮೆ

ಅಡುಗೆಮನೆಯ ಅಟ್ಟದ ಮೇಲಿನ ಉಂಡೆ ಡಬ್ಬಿಗೆ ಕೈ ಹಾಕಲು ಹುಡುಗ ತುದಿಗಾಲಿನಲ್ಲಿ ನಿಂತನೆಂದರೆ ಅವನ ಮೊಣಕಾಲಿನ ಹಿಂಬದಿಯಲ್ಲಿ, ಒಂದು ಗೇಣು ಕೆಳಗೆ, ಒಂದು ಗಟ್ಟಿ ಗಡ್ಡೆ ಉಬ್ಬಿ ನಿಲ್ಲುತ್ತದೆ. ಅದೇ ಮೀನಖಂಡ. ನಡು ದಪ್ಪ, ತುದಿ ಸಪೂರ, ಹೆಸರಿಟ್ಟವರು ಕಣ್ಣಿದ್ದವರು. ಗ್ರೀಕರು ಇದೇ ಸ್ನಾಯುವನ್ನು ‘ಕಾಲಿನ ಹೊಟ್ಟೆ’ ಎಂದರು. ಪಠ್ಯಪುಸ್ತಕದಲ್ಲಿ ಮಕ್ಕಳ ನಾಲಿಗೆ ತೊಡರಿಸುವ ‘ಗ್ಯಾಸ್ಟ್ರೊಕ್ನೀಮಿಯಸ್’ ಎಂಬ ಪದಕ್ಕೆ ಅರ್ಥ ಅಷ್ಟೇ. ಹೊಟ್ಟೆಗಿಂತ ಮೀನೇ ವಾಸಿ ಎನ್ನಬೇಕು.

ಈ ಸ್ನಾಯುವಿನ ಅಡಿಯಲ್ಲಿ ಇನ್ನೊಂದು ಚಪ್ಪಟೆ ಸ್ನಾಯು ಅಡಗಿದೆ, ಸೋಲಿಯಸ್. ಲ್ಯಾಟಿನ್ ಭಾಷೆಯಲ್ಲಿ ಚಪ್ಪಲಿಗಿರುವ ಪದದಿಂದ ಬಂದ ಹೆಸರು. ತಮಾಷೆಯೆಂದರೆ ಅದೇ ಪದದಿಂದ ಚಪ್ಪಟೆಯಾದ ಒಂದು ಮೀನಿಗೂ ಹೆಸರು ಬಂದಿದೆ! ಮೇಲಿನದು ಜಿಗಿತಕ್ಕೆ, ಓಟಕ್ಕೆ; ಬೇಗ ದಣಿಯುತ್ತದೆ. ಕೆಳಗಿನದು ಸದ್ದಿಲ್ಲದ ದುಡಿಮೆಗಾರ. ಮನುಷ್ಯ ನೆಟ್ಟಗೆ ನಿಂತಾಗ ಅವನ ಭಾರ ಪಾದದ ಕೀಲಿಗಿಂತ ತುಸು ಮುಂದಕ್ಕೆ ಬೀಳುತ್ತದೆ. ಮುಗ್ಗರಿಸದಂತೆ ಹಿಂದಿನಿಂದ ಎಳೆದು ಹಿಡಿದಿರುವುದು ಸೋಲಿಯಸ್ಸೇ.

ಎರಡೂ ಕೆಳಗೆ ಒಂದಾಗಿ ಹಿಮ್ಮಡಿಗೆ ಅಂಟುವ ಹುರಿ ದೇಹದ ಅತ್ಯಂತ ದಪ್ಪನೆಯ ಸ್ನಾಯುರಜ್ಜು. ಗ್ರೀಕ್ ವೀರ ಅಕಿಲೀಸನ ಹೆಸರನ್ನು ಅದಕ್ಕೆ ಇಟ್ಟವನು ಫಿಲಿಪ್ ವೆರ್‍ಹೇಯನ್ ಎಂಬ ಅಂಗರಚನಾ ಪಂಡಿತ, 1693ರ ತನ್ನ ಗ್ರಂಥದಲ್ಲಿ. ಪಾದ್ರಿಯಾಗಲು ಓದುತ್ತಿದ್ದವನು ಕಾಯಿಲೆಯಿಂದ ಎಡಗಾಲನ್ನು ಕಳೆದುಕೊಂಡು ವೈದ್ಯಶಾಸ್ತ್ರಕ್ಕೆ ಬಂದ. ಕತ್ತರಿಸಿದ ತನ್ನ ಕಾಲನ್ನೇ ಕಾಪಿಟ್ಟು ಕೊಯ್ದು ಅಭ್ಯಾಸ ಮಾಡಿದನೆಂಬ ದಂತಕಥೆಯೂ ಇದೆ.

ಮೀನಖಂಡಕ್ಕೆ ‘ಎರಡನೆಯ ಹೃದಯ’ ಎಂಬ ಬಿರುದೂ ಉಂಟು, ಅದು ಬರಿಯ ಹೊಗಳಿಕೆಯಲ್ಲ. ಪಾದಕ್ಕಿಳಿದ ರಕ್ತ ಮತ್ತೆ ಎದೆಯವರೆಗೆ ಮೀಟರಿಗೂ ಹೆಚ್ಚು ಎತ್ತರ ಏರಬೇಕು. ಹೆಜ್ಜೆ ಹಾಕಿದಾಗಲೆಲ್ಲ ಈ ಸ್ನಾಯುಗಳು ಹಿಂಡಿ, ಒಳಗಿನ ಅಭಿಧಮನಿಗಳ ರಕ್ತವನ್ನು ಮೇಲಕ್ಕೆ ನೂಕುತ್ತವೆ. ಮತ್ತೆ ಕೆಳಗೆ ಜಾರದಂತೆ ತಡೆಯಲು ನಾಳಗಳೊಳಗೆ ಪುಟ್ಟ ಕವಾಟಗಳಿವೆ. 1628ರಲ್ಲಿ ರಕ್ತಪರಿಚಲನೆಯನ್ನು ವಿವರಿಸಿದ ವಿಲಿಯಂ ಹಾರ್ವೆಗೆ ಇಂಥ ಕವಾಟಗಳೇ ಸಾಕ್ಷಿಯಾದವು. ನಡೆದಾಡುವವರ ಪಂಪು ನಡೆಯುತ್ತಿರುತ್ತದೆ. ನಿಂತಲ್ಲೇ ನಿಲ್ಲುವವರದು ನಿಲ್ಲುತ್ತದೆ. ಅಂಗಡಿಯ ಗಲ್ಲದ ಬಳಿ, ಚೌಕದ ನಡುವೆ, ಕರಿಹಲಗೆಯ ಮುಂದೆ ಮೂವತ್ತು ವರ್ಷ ನಿಂತವರಲ್ಲಿ ಎಷ್ಟೋ ಮಂದಿಯ ಕಾಲಲ್ಲಿ ನೀಲಿ ನಾಳಗಳು ಹಾವಿನಂತೆ ಸುತ್ತಿಕೊಂಡಿರುವುದನ್ನು ನೋಡಬಹುದು.

ಪಾದದ ಒಳಗಂಟಿನ ಮುಂದಿನಿಂದ ಹೊರಟು ತೊಡೆಸಂದಿಯವರೆಗೆ ಚರ್ಮದಡಿಯಲ್ಲೇ ಸಾಗುವ ಒಂದು ಉದ್ದನೆಯ ಅಭಿಧಮನಿ ಇದೆ. ಅರ್ಜೆಂಟೀನಾದ ರೆನೆ ಫವಲೋರೊ 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಅದರ ತುಂಡನ್ನು ಹೃದಯದ ಅಪಧಮನಿಗೆ ಜೋಡಿಸಿ ಬೈಪಾಸ್ ಚಿಕಿತ್ಸೆಗೆ ದಾರಿ ಮಾಡಿದರು. ಅಜ್ಜನ ಎದೆಗೆ ಆಪರೇಷನ್ ಆಗಿದ್ದರೆ ಕಾಲಿನಲ್ಲೇಕೆ ಉದ್ದ ಗೆರೆ ಎಂದು ಕೇಳುವ ಮೊಮ್ಮಕ್ಕಳಿಗೆ ಇದೇ ಉತ್ತರ. ಆ ತುಂಡನ್ನು ಸಾಮಾನ್ಯವಾಗಿ ತಲೆಕೆಳಗು ಮಾಡಿ ಹೊಲಿಯುತ್ತಾರೆ. ಇಲ್ಲವಾದರೆ ಅದೇ ಕವಾಟಗಳು ರಕ್ತಕ್ಕೆ ಅಡ್ಡ ನಿಲ್ಲುತ್ತವೆ.

ಇನ್ನು ನರಗಳ ವಿಷಯ. ಮೊಣಕಾಲಿನ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ, ಬೆರಳಿಗೆ ಸಿಗುವ ಎಲುಬಿನ ಗುಬುಟು ಫಿಬುಲಾದ ತಲೆ. ಅದರ ಕೆಳಗಿನ ಕತ್ತನ್ನು ಬಳಸಿಕೊಂಡು, ಬರಿಯ ಚರ್ಮದ ಆಸರೆಯಲ್ಲಿ, ಪಾದವನ್ನು ಮೇಲಕ್ಕೆತ್ತಿಸುವ ನರ ಹಾದುಹೋಗುತ್ತದೆ. ಊಟದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಎದ್ದವರಿಗೆ ಜೋಮು ಹಿಡಿಯುವುದು ಇಂಥ ನರಗಳು ಒತ್ತಿಹೋದಾಗ. ಎರಡು ನಿಮಿಷದಲ್ಲಿ ಬಿಡುತ್ತದೆ, ಭಯವಿಲ್ಲ. ಆದರೆ ದಿನವಿಡೀ ಕುಕ್ಕರಗಾಲಿನಲ್ಲಿ ಕಳೆ ಕೀಳುವವರಲ್ಲಿ ಕೆಲವೊಮ್ಮೆ ನರವೇ ಸೋತು ಪಾದ ಜೋತುಬೀಳುತ್ತದೆ. ಚಪ್ಪಲಿ ನೆಲಕ್ಕೆ ಉಜ್ಜುತ್ತದೆ. ಕುಷ್ಠರೋಗವೂ ಈ ನರವನ್ನು ಹಿಡಿಯುವುದುಂಟು. ಪಾದ ಎತ್ತಲಾಗದಿದ್ದರೆ ಎಣ್ಣೆ ತಿಕ್ಕುತ್ತಾ ಕೂರದೆ ವೈದ್ಯರಿಗೆ ತೋರಿಸಬೇಕು.

ತಂದೆತಾಯಂದಿರು ತಿಳಿದಿರಲೇಬೇಕಾದ ಸಂಗತಿ ಇನ್ನೊಂದಿದೆ. ಮೊಣಕಾಲಿನ ಕೆಳಗಿನ ಭಾಗ ನಾಲ್ಕು ಕೋಣೆಗಳ ಮನೆ: ಮುಂದೆ ಒಂದು, ಹೊರಬದಿಗೆ ಒಂದು, ಹಿಂದೆ ಎರಡು. ಸ್ನಾಯು, ನರ, ರಕ್ತನಾಳ ಎಲ್ಲ ಅದರೊಳಗೇ. ಗೋಡೆಗಳೆಂದರೆ ಎಲುಬು ಮತ್ತು ಹಿಗ್ಗಲೊಪ್ಪದ ಬಿಳಿ ಪೊರೆ. ಮರದಿಂದ ಬಿದ್ದೋ ಸೈಕಲ್ಲಿನಿಂದ ಉರುಳಿಯೋ ಎಲುಬು ಮುರಿದರೆ ಕೋಣೆಯೊಳಗೆ ರಕ್ತ ಜಿನುಗಿ ಊತ ಬರುತ್ತದೆ. ಊತಕ್ಕೆ ಜಾಗವಿಲ್ಲ. ಒತ್ತಡ ಏರಿ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಅದರ ಮೇಲೆ ಬಿದಿರಿನ ದಬ್ಬೆ ಇಟ್ಟು ಬಿಗಿದು ಕಟ್ಟಿದರಂತೂ ಹೊರಗಿನಿಂದಲೂ ಬೇಲಿ ಹಾಕಿದಂತೆ. ಆಸ್ಪತ್ರೆಯ ಪ್ಲಾಸ್ಟರ್ ಬಿಗಿಯಾದರೂ ಫಲ ಅದೇ.

‘ಮುರಿದ ಕಾಲು ನೋಯದೆ ಇರುತ್ತದೆಯೇ, ಬೆಳಗಾಗಲಿ’ ಎನ್ನುವ ಮಾತು ಇಲ್ಲಿ ಅಪಾಯಕಾರಿ. ಕಟ್ಟು ಹಾಕಿದ ಮೇಲೆ ನೋವು ಕಡಿಮೆಯಾಗುವುದು ವಾಡಿಕೆ. ಗಂಟೆಗಂಟೆಗೂ ಏರುತ್ತಿದ್ದರೆ, ಮಗುವಿನ ಕಾಲ್ಬೆರಳನ್ನು ಮೆಲ್ಲಗೆ ಆಡಿಸಿದರೂ ಅದು ಚೀರುತ್ತಿದ್ದರೆ, ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದು ಮರಗಟ್ಟಿದ್ದರೆ ರಾತ್ರಿಯಾದರೂ ಹೊರಡಬೇಕು. ಪಾದದಲ್ಲಿ ನಾಡಿ ಸಿಗುತ್ತಿದೆ ಎಂಬ ಸಮಾಧಾನ ಸಲ್ಲದು. ದೊಡ್ಡ ಅಪಧಮನಿ ಬಡಿಯುತ್ತಲೇ ಇರುವಾಗ ಸ್ನಾಯು ಒಳಗೊಳಗೇ ಸಾಯುತ್ತಿರಬಹುದು. ಸುಮಾರು ಆರು ಗಂಟೆ ಕಳೆದರೆ ಸತ್ತದ್ದು ಮರಳುವುದಿಲ್ಲ.

ವೈದ್ಯರು ಮೊದಲು ಪ್ಲಾಸ್ಟರನ್ನೂ ಅದರಡಿಯ ಹತ್ತಿಯನ್ನೂ ಚರ್ಮ ಕಾಣುವವರೆಗೆ ಸೀಳುತ್ತಾರೆ. ಅಷ್ಟಕ್ಕೂ ನೋವು ಇಳಿಯದಿದ್ದರೆ ಆಪರೇಷನ್ ಮಾಡಿ ಆ ಬಿಳಿ ಪೊರೆಯನ್ನೇ ಉದ್ದಕ್ಕೆ ಕೊಯ್ದು ನಾಲ್ಕು ಕೋಣೆಗಳನ್ನೂ ಬಿಡಿಸುತ್ತಾರೆ. ಗಾಯವನ್ನು ಕೂಡಲೇ ಹೊಲಿಯುವುದಿಲ್ಲ. ಊತ ಇಳಿಯುವವರೆಗೆ, ಕೆಲವು ದಿನ, ತೆರೆದೇ ಬಿಟ್ಟಿರುತ್ತಾರೆ.