ಗಾಡಿಗೆ ನಾಲ್ಕು ಗಾಲಿ

ಇಪ್ಪತ್ತೇಳು ವರ್ಷ ಮಕ್ಕಳನ್ನು ಪಾಸು ಮಾಡುತ್ತ ಬಂದ ನಾನು ಪಾಸಾಗಲು ಒದ್ದಾಡಿದ್ದು ಒಂದೇ ಒಂದು ಪರೀಕ್ಷೆಯಲ್ಲಿ. ಅದೂ ನನ್ನ ಪರೀಕ್ಷೆಯಲ್ಲ, ನನ್ನ ಸ್ಕೂಟರಿನದು. ನಮ್ಮ ಕಡೆ ಅದಕ್ಕೆ ‘ಪಾಸಿಂಗ್’ ಎನ್ನುತ್ತಾರೆ.

ನಾನು ಚಚಡಿಯವಳು. ಎರಡು ವರ್ಷದ ಕೂಸಿದ್ದಾಗ ಬಂದ ಪೋಲಿಯೋ ನನ್ನ ಎಡಗಾಲನ್ನು ಸಣ್ಣದು ಮಾಡಿ ಹೋಯಿತು. ಓದಿ, ಪಕ್ಕದ ಊರಿನ ಶಾಲೆಯಲ್ಲಿ ಶಿಕ್ಷಕಿಯಾದೆ. ಕಲಿಸುವುದು ನನಗೆ ಕಷ್ಟವಾಗಲಿಲ್ಲ, ಶಾಲೆ ಮುಟ್ಟುವುದೇ ಕಷ್ಟ. ಬಸ್ಸಿನ ಮೊದಲ ಮೆಟ್ಟಿಲು ನನ್ನ ಮೊಣಕಾಲಿಗಿಂತ ಎತ್ತರ. ಅಣ್ಣ ತನ್ನ ಬೈಕಿನ ಹಿಂದೆ ಕೂಡಿಸಿಕೊಂಡು ಬಿಟ್ಟು ಬರುತ್ತಿದ್ದ. ಜೋಳದ ಸುಗ್ಗಿ ಬಂತೆಂದರೆ ಅವನಿಗೆ ಹೊಲ, ನನಗೆ ರಜೆಯ ಅರ್ಜಿ. ಇನ್ನೊಬ್ಬರ ಬಿಡುವನ್ನು ಕಾಯುತ್ತ ಹೊಸ್ತಿಲಲ್ಲಿ ಚೀಲ ಹಿಡಿದು ಕೂಡುವುದು ಎಂಥದೆಂದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಅದಕ್ಕೆ ಕಾಲೇ ಕುಂಟಿರಬೇಕೆಂದಿಲ್ಲ.

2004ರಲ್ಲಿ ಕೂಡಿಟ್ಟ ದುಡ್ಡಿನಿಂದ ಗೇರಿಲ್ಲದ ಒಂದು ಹಳೇ ಸ್ಕೂಟರ್ ಕೊಂಡೆ. ಅಣ್ಣ ಅದನ್ನು ವೆಲ್ಡಿಂಗ್ ಅಂಗಡಿಗೆ ಒಯ್ದು, ಹಿಂದಿನ ಗಾಲಿಯ ಎರಡೂ ಬದಿಗೆ ಕಬ್ಬಿಣದ ಪಟ್ಟಿ ಕೂಡಿಸಿ, ಎರಡು ಸಣ್ಣ ಗಾಲಿ ಹಾಕಿಸಿ ತಂದ. ಓಣಿಯ ಹುಡುಗರೆಲ್ಲ ಹಿಂದೆ ಓಡಿ ಬಂದರು. ಅವ್ವ ಗಾಡಿಗೆ ನಿಂಬೆಹಣ್ಣು ಕಟ್ಟಿದಳು. ಕಾಗದಪತ್ರದ ಮಾತು ಯಾರೂ ಎತ್ತಲಿಲ್ಲ.

ಎರಡು ತಿಂಗಳಿಗೆ ಬೈಲಹೊಂಗಲದ ರಸ್ತೆಯಲ್ಲಿ ಹತ್ತಿ ಹೇರಿದ ಚಕ್ಕಡಿಯೊಂದು ಬದಿಯ ಗಾಲಿಗೆ ತಾಗಿತು. ನನಗೇನೂ ಆಗಲಿಲ್ಲ, ಗಾಡಿ ಸೊಟ್ಟಾಯಿತು. ವಿಮೆಯವನು ಬಂದು ಆರ್.ಸಿ. ಪುಸ್ತಕ ನೋಡಿದ, ಗಾಡಿ ನೋಡಿದ.

“ಅಕ್ಕೋರ, ಪುಸ್ತಕದಾಗ ಎರಡು ಗಾಲಿ, ಗಾಡಿಗೆ ನಾಕು ಗಾಲಿ. ಇದು ಅದ ಗಾಡಿ ಅಂತ ನಾವು ಹೆಂಗ ನಂಬೂದ್ರಿ?”

ಸಿಟ್ಟು ಬಂತು. ಆದರೆ ಅವನ ಮಾತು ಸುಳ್ಳಾಗಿರಲಿಲ್ಲ. ಗಾಡಿಯಲ್ಲಿ ಬದಲಾವಣೆ ಮಾಡಿದರೆ 14 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಪುಸ್ತಕದಲ್ಲಿ ಬರೆಯಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆಂದು ಆಗ ತಿಳಿಯಿತು. ನನ್ನ ತಪ್ಪಿನಿಂದ ಒಬ್ಬ ಮುದುಕನಿಗೋ ಮಗುವಿಗೋ ಪೆಟ್ಟಾಗಿದ್ದರೆ? ಆ ರಾತ್ರಿ ನಿದ್ದೆ ಬರಲಿಲ್ಲ.

ಗಾಡಿ ನೆಟ್ಟಗೆ ಮಾಡಿಸಿ, ಅಂಗವಿಕಲತೆಯ ಪ್ರಮಾಣಪತ್ರ, ವಿಮೆ, ಅಂಗಡಿಯವನ ಪಾವತಿ ಎಲ್ಲ ಕಟ್ಟಿಕೊಂಡು ಅಣ್ಣನ ಜೊತೆ ಕಚೇರಿಗೆ ಹೋದೆ. ಹೊರಗೆ ನಿಂತ ಏಜೆಂಟರು ನನ್ನ ಕಾಲು ನೋಡಿದರು. ಕಿಟಕಿಯ ಗುಮಾಸ್ತ ಬಗ್ಗಿ ಕಾಲು ನೋಡಿದ. “ನೀವು ಯಾಕ ಹೊಡೀತೀರಿ, ಯಜಮಾನ್ರಿಲ್ಲೇನ್ರಿ?” ಎಂದು ಒಬ್ಬ ಕೇಳಿದ. ಇನ್‌ಸ್ಪೆಕ್ಟರ್ ಸಾಹೇಬರು ಮಾತ್ರ ಕಾಲಿನ ಕಡೆ ನೋಡಲೇ ಇಲ್ಲ. ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು, ನಮ್ಮ ಮಕ್ಕಳು ನಾಣ್ಯದ ಮೇಲೆ ಮಾಡುವ ಹಾಗೆ, ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದರು. ಆಮೇಲೆ ಅಂಗಳದ ಮೂಲೆಯಿಂದ ಒಂದು ಇಟ್ಟಂಗಿ ತರಿಸಿ, ಬದಿಯ ಗಾಲಿಯ ಕೆಳಗೆ ಇಡಿಸಿದರು.

“ಈಗ ಎಕ್ಸಲೇಟರ್ ಕೊಡ್ರಿ ಬಾಯಾರ.”

ಕೊಟ್ಟೆ. ನಡುವಿನ ಗಾಲಿ ನೆಲ ಬಿಟ್ಟು ಎದ್ದಿತ್ತು. ಗಾಳಿಯಲ್ಲಿ ಗರಗರ ತಿರುಗಿತೇ ಹೊರತು ಗಾಡಿ ಒಂದಂಗುಲ ಸರಿಯಲಿಲ್ಲ.

“ತಗ್ಗು ದಿಣ್ಣಿ ಬಂದಾಗ ನಿಮ್ಮ ಬ್ರೇಕೂ ಹಿಂಗ ಆಗೂದು. ಸ್ಪ್ರಿಂಗ್ ಹಾಕಿಸಿಕೊಂಡು ಬರ್ರಿ” ಎಂದು ಅರ್ಜಿ ತಿರುಗಿ ಕೊಟ್ಟರು.

ದಾರಿಯುದ್ದಕ್ಕೂ ಅತ್ತೆ. ನಾಪಾಸಾದೆನೆಂದು ಅಷ್ಟೇ ಅಲ್ಲ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಯಲ್ಲಿ ಎಷ್ಟೋ ಸಲ ಗಾಡಿ ಹೀಗೆಯೇ ನಿಂತಿತ್ತು, ನಾನು ನನ್ನ ಹಣೆಬರಹವನ್ನೂ ನನ್ನ ಕಾಲನ್ನೂ ಬೈದುಕೊಂಡಿದ್ದೆ. ತಪ್ಪು ಕಬ್ಬಿಣದ ಪಟ್ಟಿಯದೆಂದು ಹೊಳೆದೇ ಇರಲಿಲ್ಲ. ಹುಟ್ಟಿದಂದಿನಿಂದ ಎಲ್ಲರೂ ನನ್ನ ಕಾಲನ್ನೇ ಪರೀಕ್ಷೆ ಮಾಡಿದ್ದರು. ನನಗೆ ಕೊಟ್ಟ ಸಾಮಾನನ್ನು ಪರೀಕ್ಷೆ ಮಾಡಿದವರು ಅವರೊಬ್ಬರೇ.

ಇದೇ ಕೆಲಸ ಬಲ್ಲ ಮಿಸ್ತ್ರಿಯೊಬ್ಬನನ್ನು ಬೆಳಗಾವಿಯಲ್ಲಿ ಹುಡುಕಿ ಸ್ಪ್ರಿಂಗ್ ಹಾಕಿಸಿದೆವು. ಬದಿಯ ಗಾಲಿ ಇರುವ ಗಾಡಿ ತಿರುವಿನಲ್ಲಿ ಬಾಗುವುದಿಲ್ಲ, ಜೋರಾಗಿ ತಿರುಗಿಸಿದರೆ ಮಗುಚುತ್ತದೆ, ಮೊದಲೇ ವೇಗ ಇಳಿಸಬೇಕು ಎಂದು ಅವನು ಕಲಿಸಿದ. ಎರಡನೆಯ ಸಲ ಇಟ್ಟಂಗಿಯ ಮೇಲೂ ಗಾಡಿ ನಡೆಯಿತು. ಪುಸ್ತಕದಲ್ಲಿ ನಾಲ್ಕು ಗಾಲಿ ಬಂದವು. ಲೈಸೆನ್ಸೂ ಆಯಿತು.

ಮನೆಯಲ್ಲಿ ಶಿರಾ ಮಾಡಿದೆವು. ಇಂಗ್ಲಿಷ್ ಶಾಲೆಗೆ ಹೋಗುವ ಅಣ್ಣನ ಮಗ ಲೈಸೆನ್ಸನ್ನು ತಿರುಗಿಸಿ ತಿರುಗಿಸಿ ಓದಿ, ಮುಖ ಸಣ್ಣದು ಮಾಡಿದ.

“ಅತ್ತಿ, ಇದು ನಡಿಯೂದಿಲ್ಲ. ಇನ್‌ವ್ಯಾಲಿಡ್ ಅಂತ ಬರದಾರ. ಅಂದ್ರ ರದ್ದು!”

ಕಾಯ್ದೆಯಲ್ಲಿ ನನ್ನಂಥವರ ಗಾಡಿಗೆ ಆಗ ಇದ್ದ ಹೆಸರು ‘ಇನ್‌ವ್ಯಾಲಿಡ್ ಕ್ಯಾರೇಜ್’. ರೋಗಿ, ಅಶಕ್ತ ಎಂಬುದು ಅಲ್ಲಿ ಆ ಶಬ್ದದ ಅರ್ಥ. ಹುಡುಗನಿಗೆ ವಿವರಿಸಿ ಹೇಳುವಾಗ ಯಾವ ಅರ್ಥ ವಾಸಿ ಎಂದು ನನಗೇ ತಿಳಿಯಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಾರ್ಡನ್ನು ಮಾತ್ರ ಪರ್ಸಿನಲ್ಲಿ ಮುಖ ಕೆಳಗಾಗಿ ಇಟ್ಟೆ.

2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಕಂಪನಿ ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವಂತೆ ಗಾಡಿ ಬದಲಿಸಕೂಡದೆಂದು ತೀರ್ಪು ಕೊಟ್ಟಿತು. ಪೇಪರಿನಲ್ಲಿ ಓದಿ ಎದೆ ಧಸಕ್ಕೆಂದಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯೂ ಆಯಿತು. ಅಂಗವಿಕಲರ ಬಳಕೆಗಾಗಿ, ಶರತ್ತುಗಳಿಗೆ ಒಳಪಟ್ಟು, ಸ್ವಂತ ಗಾಡಿಯನ್ನು ಮಾರ್ಪಡಿಸಿಕೊಳ್ಳಬಹುದೆಂದು ಸ್ಪಷ್ಟವಾಗಿ ಸೇರಿಸಿದರು. ಹಳೆಯ ಹೆಸರನ್ನು ತೆಗೆದು ‘ಅಡಾಪ್ಟೆಡ್ ವೆಹಿಕಲ್’ ಎಂದು ಬರೆದರು. ಒಗ್ಗಿಸಿಕೊಂಡ ಗಾಡಿ ಎನ್ನಬಹುದೇನೋ.

2021ರಲ್ಲಿ ಹೊಸ ಸ್ಕೂಟರ್ ಕೊಂಡೆ. ಈ ಸಲ ವೆಲ್ಡಿಂಗಿಗಿಂತ ಮೊದಲು ಕಚೇರಿಗೆ ಹೋಗಿ, ಏನು ಬೇಕೆಂದು ಕೇಳಿ ಬಂದೆ. ಪಾಸಿಂಗ್ ದಿನ ಅಣ್ಣ, “ನಾ ಬರ್ಲೇನವಾ?” ಎಂದ. ಅವನಿಗೀಗ ಮೊಣಕಾಲು ನೋವು.

“ಬಾ. ಆದರ ನೀ ಹಿಂದ ಕೂಡು” ಎಂದೆ.